ಪುರಾವೆ ಇದೆ, ಆದರೆ ತೋರಿಸಲಾಗದು ಎನ್ನುವವರನ್ನು ಎಷ್ಟು ನಂಬಬೇಕು?

ಸಿಂಧನೂರಿನ ಶಿಕ್ಷಕಿ:
ಸಿಂಧನೂರು ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ನಾನು ವಿಜ್ಞಾನ ಬೋಧಿಸುತ್ತೇನೆ. ಯೂಟ್ಯೂಬ್‌ನಲ್ಲಿ ಹಾರುವ ತಟ್ಟೆಗಳ ವಿಡಿಯೊ ನೋಡಿ ಬರುವ ಮಕ್ಕಳು ಡೇವಿಡ್ ಗ್ರಷ್ ಅವರ ಮಾತೆತ್ತುತ್ತಾರೆ. ಅಮೆರಿಕದ ಗುಪ್ತಚರ ಅಧಿಕಾರಿಯಾಗಿದ್ದ ಇವರು 2023ರ ಜುಲೈ 26ರಂದು ಅಲ್ಲಿನ ಸಂಸದೀಯ ಸಮಿತಿಯ ಮುಂದೆ ಪ್ರಮಾಣ ಮಾಡಿ, ಮನುಷ್ಯರು ತಯಾರಿಸದ ವಾಹನಗಳು ಸರ್ಕಾರದ ವಶದಲ್ಲಿವೆ ಎಂದರು. ಹೆಚ್ಚಿನ ವಿವರಗಳನ್ನು ಮಾತ್ರ ಬಹಿರಂಗವಾಗಿ ಹೇಳಲಾಗದು ಎಂದರು. ಸುಳ್ಳಾಗಿದ್ದರೆ ಪ್ರಮಾಣ ಮಾಡುತ್ತಿದ್ದರೇ ಎಂದು ಕೇಳುವ ಮಕ್ಕಳಿಗೆ, ಅವರ ಕುತೂಹಲವನ್ನು ಚಿವುಟದೆ ಏನು ಹೇಳಬಹುದು?

ಬಳ್ಳಾರಿಯ ನಿವೃತ್ತ ಉಪನ್ಯಾಸಕ:
ಮೇಡಂ, ಪ್ರಮಾಣವು ಹೇಳುವವರ ಪ್ರಾಮಾಣಿಕತೆಗೆ ಒಂದಿಷ್ಟು ಬಲ ಕೊಟ್ಟೀತು, ಹೇಳಿದ ವಿಷಯಕ್ಕಲ್ಲ. ಗ್ರಷ್ ಅವರ ಹೇಳಿಕೆ ನಿಂತಿದ್ದುದೇ ಇತರರು ತಮಗೆ ತಿಳಿಸಿದ ಸಂಗತಿಗಳ ಮೇಲೆ. ಪ್ರಾಮಾಣಿಕರೂ ತಪ್ಪು ಮಾಹಿತಿಯನ್ನು ನಂಬಿರಬಹುದು. ಹಾಗೆಂದು ಗೌಪ್ಯತೆಯೇ ಕಟ್ಟುಕಥೆ ಎನ್ನಲಾಗದು. 1947ರಲ್ಲಿ ಅಮೆರಿಕದ ರಾಸ್ವೆಲ್ ಪಟ್ಟಣದ ಬಳಿ ಬಿದ್ದ, ಅನ್ಯಗ್ರಹದ ನೌಕೆ ಎಂದು ಹಲವರು ನಂಬಿದ ವಸ್ತುವಿನ ಬಗ್ಗೆ ಅಲ್ಲಿನ ಸೇನೆ ನಿಜಕ್ಕೂ ಸತ್ಯ ಮುಚ್ಚಿಟ್ಟಿತ್ತು. ಸೋವಿಯತ್ ಒಕ್ಕೂಟದ ಅಣು ಪರೀಕ್ಷೆಗಳ ಸದ್ದನ್ನು ಎತ್ತರದ ವಾತಾವರಣದಲ್ಲಿ ಆಲಿಸಲು ಹಾರಿಸಿದ್ದ, ಮೊಗಲ್ ಎಂಬ ರಹಸ್ಯ ಯೋಜನೆಯ ಬಲೂನುಗಳ ಅವಶೇಷ ಅದಾಗಿರಬೇಕೆಂದು ವಾಯುಪಡೆ ವಿವರಿಸಿದ್ದು 1994ರಲ್ಲಿ. ಏನನ್ನೋ ಬಚ್ಚಿಟ್ಟಿದ್ದಾರೆ ಎಂಬ ಜನರ ಗುಮಾನಿ ಸರಿಯಾಗಿಯೇ ಇತ್ತು; ಬಚ್ಚಿಟ್ಟದ್ದು ಏನೆಂಬ ಊಹೆ ದಾರಿ ತಪ್ಪಿತ್ತು.

ಗಂಗಾವತಿಯ ಓದುಗ:
ಸರ್, ರಹಸ್ಯ ಹೊರಗೆಡವಿದರೆ ಜೈಲು ಸೇರಬೇಕಾದ ಅಧಿಕಾರಿಯನ್ನು ಪುರಾವೆ ಎಲ್ಲಿ ಎಂದು ಕೇಳುವುದು ನ್ಯಾಯವೇ? ಅನ್ಯಗ್ರಹದ ಕುರುಹು ಸಿಕ್ಕಿಲ್ಲವೆಂದು 2024ರ ಮಾರ್ಚ್‌ನಲ್ಲಿ ವರದಿ ಕೊಟ್ಟ, ಇಂಥ ವಿದ್ಯಮಾನಗಳನ್ನು ತನಿಖೆ ಮಾಡುವ ಆರೋ (AARO) ಕಚೇರಿಯೂ ಅಮೆರಿಕದ ರಕ್ಷಣಾ ಇಲಾಖೆಯಾದ ಪೆಂಟಗನ್ನಿನದೇ ಅಲ್ಲವೇ?

ರಾಯಚೂರಿನ ಇತಿಹಾಸಾಸಕ್ತೆ:
ಅಧಿಕಾರಿಯ ಮಟ್ಟಿಗೆ ತಮ್ಮ ಮಾತನ್ನು ಒಪ್ಪುತ್ತೇನೆ. ಆದರೆ ಆ ವಿನಾಯಿತಿ ಯಾವ ಗೌಪ್ಯತಾ ಕಾನೂನಿಗೂ ಒಳಪಡದೆ, ಅನ್ಯಗ್ರಹ ನೌಕೆಯ ಲೋಹದ ತುಂಡು ನನ್ನ ಬಳಿಯಿದೆ, ಸಮಯ ಬಂದಾಗ ತೋರಿಸುತ್ತೇನೆ ಎನ್ನುತ್ತ ಟಿಕೆಟ್ ಮಾರುವವರಿಗೆ ಸಲ್ಲುವುದಿಲ್ಲ. ಶಾಸನಗಳಲ್ಲಿ ದೇವಾನಾಂಪ್ರಿಯ ಎಂಬ ಬಿರುದಿನಿಂದ ಕರೆಸಿಕೊಂಡ ರಾಜನೇ ಅಶೋಕನೆಂಬ ಊಹೆಗೆ, ಅಶೋಕನ ಹೆಸರನ್ನೇ ಹೊತ್ತ ನಮ್ಮ ಮಸ್ಕಿಯ ಬಂಡೆ ಶಾಸನ ಗಟ್ಟಿ ಆಧಾರ ಒದಗಿಸಿತು. 1915ರಲ್ಲಿ ಅದನ್ನು ಕಂಡ ಗಣಿ ಎಂಜಿನಿಯರ್ ಬೀಡನ್ ಅವರ ಮಾತಿನ ಮೇಲೆ ಆ ನಿರ್ಣಯ ನಿಂತಿಲ್ಲ. ಪಾಠ ಪ್ರಕಟವಾಯಿತು, ಬಂಡೆ ಈಗಲೂ ಅಲ್ಲೇ ಇದೆ, ಬ್ರಾಹ್ಮಿ ಬಲ್ಲ ಯಾರಾದರೂ ಹೋಗಿ ಓದಿ ತಕರಾರು ತೆಗೆಯಬಹುದು.

ಯುಎಫ್‌ಒ (ಗುರುತಿಸಲಾಗದ ಹಾರುವ ವಸ್ತು) ಕ್ಷೇತ್ರದಲ್ಲೂ ವಸ್ತುವನ್ನು ಪರೀಕ್ಷೆಗೆ ಒಪ್ಪಿಸಿದ ಉದಾಹರಣೆ ಇದೆ. ಪತನಗೊಂಡ ಅನ್ಯಗ್ರಹ ನೌಕೆಯದ್ದೆಂದು ವರ್ಷಗಟ್ಟಲೆ ಪ್ರಚಾರ ಪಡೆದಿದ್ದ ಮೆಗ್ನೀಸಿಯಂ ಮಿಶ್ರಲೋಹದ ಚೂರೊಂದನ್ನು ಅಮೆರಿಕದ ಓಕ್ ರಿಡ್ಜ್ ರಾಷ್ಟ್ರೀಯ ಪ್ರಯೋಗಾಲಯ ಪರೀಕ್ಷಿಸಿತು. ಅದರ ಐಸೊಟೋಪುಗಳ (ಒಂದೇ ಧಾತುವಿನ ಬೇರೆ ಬೇರೆ ತೂಕದ ಪರಮಾಣುಗಳ) ಪ್ರಮಾಣ ಭೂಮಿಯ ಲೋಹದ್ದೇ ಎಂಬ ಫಲಿತಾಂಶ 2024ರಲ್ಲಿ ಹೊರಬಿತ್ತು. ಅದೂ ಸರ್ಕಾರಿ ಪ್ರಯೋಗಾಲಯವೇ ಎಂದು ತಾವು ಆಕ್ಷೇಪಿಸಬಹುದು. ಆದರೆ ಅಳತೆಗಳು ಪ್ರಕಟವಾಗಿರುವುದರಿಂದ, ಆ ಚೂರನ್ನು ಮತ್ತೊಂದು ಪ್ರಯೋಗಾಲಯಕ್ಕೆ ಕಳುಹಿಸಿ ತಾಳೆ ನೋಡಲು ಅವಕಾಶವಂತೂ ಇದೆ.