ಸಹಾಯ ಬೇಕು: ಆಕ್ಟಿವಿಟಿ ಡಯಾಗ್ರಾಮ್‌ನಲ್ಲಿ 5 ನಿಮಿಷದ ಗಡುವು ತೋರಿಸೋದು ಹೇಗೆ?

ಎಲ್ಲರಿಗೂ ನಮಸ್ಕಾರ. ಯುಎಂಎಲ್ 2 (ಸಾಫ್ಟ್‌ವೇರ್ ವಿನ್ಯಾಸವನ್ನು ಚಿತ್ರಗಳಲ್ಲಿ ಬರೆಯುವ ಭಾಷೆ) ಗೊತ್ತಿರುವವರು ಸ್ವಲ್ಪ ನೋಡಿ. ಆಕ್ಟಿವಿಟಿ ಡಯಾಗ್ರಾಮ್ ಅಂದರೆ ಅದರಲ್ಲಿ ಕೆಲಸಗಳ ಹರಿವು ತೋರಿಸುವ ಚಿತ್ರ.

ಆರ್ಡರ್ ಹಾಕಿದ ಬಳಕೆದಾರ 5 ನಿಮಿಷದೊಳಗೆ ಓಟಿಪಿ ಕೊಟ್ಟು ಖಚಿತಪಡಿಸಬೇಕು. ಇಲ್ಲದಿದ್ದರೆ ಆರ್ಡರ್ ರದ್ದು. ಓಟಿಪಿ ತಪ್ಪಾದರೆ ಮತ್ತೆ ಹಾಕಬಹುದು, ಆದರೆ ಒಟ್ಟು ಸಮಯ 5 ನಿಮಿಷ ದಾಟಬಾರದು.

ಮೊದಲು ಡಿಸಿಷನ್ ನೋಡ್‌ನಲ್ಲಿ (ಮುಂದಿನ ದಾರಿ ಯಾವುದು ಅಂತ ನಿರ್ಧರಿಸುವ ಬಿಂದು) "ಸಮಯ ಮುಗಿಯಿತೇ?" ಅಂತ ಕೇಳಿಸಿದೆ. ಬಳಕೆದಾರ ಏನೂ ಹಾಕದೆ ಸುಮ್ನೆ ಕೂತರೆ ಟೋಕನ್ (ಹರಿವು ಈಗ ಎಲ್ಲಿದೆ ಅಂತ ತೋರಿಸುವ ಗುರುತು) ಅಲ್ಲಿಗೆ ಬರೋದೇ ಇಲ್ಲ. ಫೋರ್ಕ್ (ಹರಿವನ್ನು ಒಟ್ಟಿಗೆ ಓಡುವ ಕವಲುಗಳಾಗಿ ಒಡೆಯುವ ಗೆರೆ) ಹಾಕಿ ಒಂದು ಕವಲಿಗೆ ಮರಳುಗಡಿಯಾರದ ಚಿಹ್ನೆ (ಟೈಮ್ ಈವೆಂಟ್, ಅಂದರೆ ಇಷ್ಟು ಸಮಯ ಕಳೆದಾಗ ಆಗುವ ಘಟನೆ) ಇಟ್ಟೆ. ಆಗ ಓಟಿಪಿ ಸರಿಯಾದ ಮೇಲೂ ಆ ಕವಲು ಓಡುತ್ತಲೇ ಇದ್ದು, ಕೊನೆಗೆ ರದ್ದತಿಗೆ ಹೋಗುತ್ತದೆ. ಡ್ಯುರೇಷನ್ ಕನ್‌ಸ್ಟ್ರೈಂಟ್ (ಸಮಯದ ಮಿತಿ ಹೇಳುವ ಷರತ್ತು) ಬರೆದರೆ ಮಿತಿ ಎಷ್ಟು ಅಂತ ಗೊತ್ತಾಗುತ್ತದೆ, ಮೀರಿದರೆ ಏನು ಮಾಡಬೇಕು ಅನ್ನೋದು ಗೊತ್ತಾಗಲ್ಲ.

ಈಗ ಇಂಟರಪ್ಟಿಬಲ್ ರೀಜನ್ (ಒಳಗಿನ ಕೆಲಸವನ್ನೆಲ್ಲ ಮಧ್ಯದಲ್ಲೇ ನಿಲ್ಲಿಸಬಹುದಾದ ಭಾಗ) ಬರೆದಿದ್ದೇನೆ. ಚುಕ್ಕೆಗೆರೆಯ ಚೌಕದೊಳಗೆ ಟೈಮ್ ಈವೆಂಟ್, ಅಲ್ಲಿಂದ "ಆರ್ಡರ್ ರದ್ದು" ಕಡೆಗೆ ಮಿಂಚಿನಂಥ ಗೆರೆ. ಇದೇ ಸರಿಯಾದ ದಾರಿ ಅನ್ನಿಸುತ್ತಿದೆ. ಟೈಮ್ ಈವೆಂಟ್‌ಗೆ ಒಳಬರುವ ಗೆರೆ ಇಲ್ಲದಿದ್ದರೆ, ರೀಜನ್‌ಗೆ ಟೋಕನ್ ಬಂದಾಗ ಅದು ಚಾಲೂ ಆಗುತ್ತದೆ, ಅಲ್ವಾ?

ನನ್ನ ಗೊಂದಲ ಇಲ್ಲೇ. "ಓಟಿಪಿ ಕಳಿಸು" ಅನ್ನೋ ಆಕ್ಷನ್ ರೀಜನ್‌ನ ಹೊರಗಿದೆ. ತಪ್ಪಾದಾಗ ಗೆರೆ ಅಲ್ಲಿಗೆ ಹೋಗಿ ಮತ್ತೆ ಒಳಗೆ ಬಂದರೆ, ಗಡುವು ಹೊಸದಾಗಿ ಶುರುವಾಗುತ್ತದಾ? ಹಾಗಿದ್ದರೆ ಆ ಆಕ್ಷನ್ ಮತ್ತು ಇಡೀ ಲೂಪ್ ಎರಡನ್ನೂ ರೀಜನ್ ಒಳಗೇ ತಂದರೆ ಸಾಕಾ, ಅಥವಾ ಒಳಗೆ ಫೋರ್ಕ್ ಹಾಕಿ ಟೈಮ್ ಈವೆಂಟ್‌ಗೆ ಬೇರೆ ಗೆರೆ ಕೊಡಬೇಕಾ?