ಅಕ್ಕನ ಝಾಯನ್ ಪ್ಲ್ಯಾನಿಗೆ ನನ್ನ ಉದ್ದದ ಉತ್ತರ

ಅಕ್ಕ, ಸ್ವಲ್ಪ ಉದ್ದ ಆಗುತ್ತೆ, ಅಡುಗೆ ಮಾಡ್ತಾ ಕೇಳಿಸ್ಕೋ. ನೀನು ಗ್ರೂಪಿಗೆ ಹಾಕಿದ ಪ್ಲ್ಯಾನ್ ನೋಡಿದೆ. ಜನವರಿ ಕೊನೇ ವಾರ, ಶುಕ್ರವಾರ ಸಂಜೆ ಲಾಸ್ ವೇಗಸ್‌ಗೆ ಇಳಿಯೋದು, ಶನಿವಾರ ಯೂಟಾದ ಝಾಯನ್ ನ್ಯಾಷನಲ್ ಪಾರ್ಕ್, ಭಾನುವಾರ ಬೆಳಿಗ್ಗೆ ಇನ್ನೊಂದು ಪಾರ್ಕು ಬ್ರೈಸ್ ಕ್ಯಾನಿಯನ್, ಸಂಜೆ ಏಳಕ್ಕೆ ವೇಗಸ್‌ನಿಂದ ವಾಪಸ್ ಫ್ಲೈಟು. ಜೊತೆಗೆ ಮೈಸೂರಿಂದ ಬಂದಿರೋ ನಿಮ್ಮತ್ತೆ ಮಾವ, ಇಬ್ಬರು ಮಕ್ಕಳು. ಮೊದಲು ಆ ಬ್ರೈಸ್ ತೆಗೆದುಹಾಕು. ಝಾಯನ್ ಗೇಟಿನ ಪಕ್ಕದ ಊರು ಸ್ಪ್ರಿಂಗ್‌ಡೇಲ್‌ನಿಂದ ಬ್ರೈಸ್‌ಗೆ ಎರಡು ಗಂಟೆ, ಅಲ್ಲಿಂದ ವೇಗಸ್‌ಗೆ ನಾಲ್ಕು ಗಂಟೆ ಮೇಲೆ. ಅದಲ್ಲದೆ ಝಾಯನ್ ಕಣಿವೆಯ ತಳ ಸುಮಾರು 4,000 ಅಡಿ ಎತ್ತರದಲ್ಲಿದ್ದರೆ ಬ್ರೈಸ್ ಅಂಚು 8,000 ಅಡಿ ಮೇಲಿದೆ. ಝಾಯನ್‌ನಲ್ಲಿ ಸ್ವೆಟರ್ ಸಾಕಾಗೋ ದಿನ ಅಲ್ಲಿ ಮೊಣಕಾಲುದ್ದ ಹಿಮ ಇರಬಹುದು. ವಯಸ್ಸಾದವರನ್ನ ಕಾರಲ್ಲೇ ಕೂರಿಸಿಕೊಂಡು ಓಡಾಡಿದ ಹಾಗಾಗುತ್ತೆ ಅಷ್ಟೇ.

ಶುಕ್ರವಾರದ ರಾತ್ರಿ ನೆನಪಿರಲಿ, ಝಾಯನ್ ಇರೋ ಯೂಟಾ, ವೇಗಸ್ ಇರೋ ನೆವಾಡಕ್ಕಿಂತ ಒಂದು ಗಂಟೆ ಮುಂದೆ. ವೇಗಸ್‌ನಲ್ಲಿ ಏಳಕ್ಕೆ ಕಾರು ಕೈಗೆ ಸಿಕ್ಕಿದರೂ ಸ್ಪ್ರಿಂಗ್‌ಡೇಲ್ ಮುಟ್ಟೋ ಹೊತ್ತಿಗೆ ಅಲ್ಲಿ ಹನ್ನೊಂದಾಗುತ್ತೆ, ಊರು ಮಲಗಿರುತ್ತೆ. ಚಳಿಗಾಲದಲ್ಲಿ ಅಲ್ಲಿನ ಊಟದ ಹೋಟೆಲುಗಳು ಎಷ್ಟೋ ಮುಚ್ಚಿರುತ್ತವೆ, ತೆರೆದಿರೋವೂ ಬೇಗ ಬಾಗಿಲು ಹಾಕುತ್ತವೆ. ಅದಕ್ಕೇ ಮೊದಲ ರಾತ್ರಿ ದಾರಿಯಲ್ಲಿ ಸಿಗೋ ಊರುಗಳಾದ ಸೇಂಟ್ ಜಾರ್ಜ್‌ನಲ್ಲೋ ಹರಿಕೇನ್‌ನಲ್ಲೋ ಉಳ್ಕೊಳ್ಳಿ, ಎರಡನೇ ರಾತ್ರಿ ಸ್ಪ್ರಿಂಗ್‌ಡೇಲ್. ಪೆಟ್ರೋಲು, ಹಾಲು, ಮೊಸರು, ಬ್ರೆಡ್ಡು ಎಲ್ಲಾ ಹರಿಕೇನ್‌ನಲ್ಲೇ ತುಂಬಿಸ್ಕೊಳ್ಳಿ. ಪಾರ್ಕ್ ಒಳಗೆ ಪೆಟ್ರೋಲ್ ಇಲ್ಲ.

ದುಡ್ಡಿನ ವಿಷಯ ಈಗಲೇ ಹೇಳಿಬಿಡ್ತೀನಿ, ಗೇಟಲ್ಲಿ ಶಾಕ್ ಆಗಬಾರದು. ಕಾರಿಗೆ 35 ಡಾಲರ್, ಏಳು ದಿನ ನಡೆಯುತ್ತೆ. ಆದರೆ 2026ರ ಜನವರಿಯಿಂದ ಝಾಯನ್ ಸೇರಿ 11 ಪಾರ್ಕುಗಳಲ್ಲಿ ಅಮೆರಿಕದಲ್ಲಿ ವಾಸ ಇಲ್ಲದವರಿಗೆ, 16 ವರ್ಷ ಮೇಲ್ಪಟ್ಟಿದ್ದರೆ, ತಲೆಗೆ 100 ಡಾಲರ್ ಹೆಚ್ಚುವರಿ. ಅಂದರೆ ಅತ್ತೆ ಮಾವನ ಲೆಕ್ಕಕ್ಕೇ 200. ಹೊರದೇಶದವರಿಗೆ 250 ಡಾಲರಿನ ವಾರ್ಷಿಕ ಪಾಸೂ ಇದೆ. ಅವರು ಇರೋ ಆರು ತಿಂಗಳಲ್ಲಿ ಗ್ರ್ಯಾಂಡ್ ಕ್ಯಾನಿಯನ್, ಯೊಸೆಮಿಟಿ ತೋರಿಸೋ ಯೋಚನೆ ಇದ್ದರೆ ಅದನ್ನೂ ಇಟ್ಟು ಲೆಕ್ಕ ಹಾಕಿ. ನೀನು, ಭಾವ ಇಲ್ಲೇ ವಾಸ ಅಂತ ತೋರಿಸೋಕೆ ಡ್ರೈವಿಂಗ್ ಲೈಸೆನ್ಸ್ ಕೈಯಲ್ಲೇ ಇಟ್ಕೊಳ್ಳಿ.

ಇನ್ನು ಕಾರು. ಮಾರ್ಚಿಂದ ನವೆಂಬರ್‌ವರೆಗೆ ಕಣಿವೆ ಒಳಗೆ ಬರೀ ಶಟಲ್ ಬಸ್ಸು, ಕ್ರಿಸ್‌ಮಸ್ ವಾರದಲ್ಲೂ ಅಷ್ಟೇ. ಜನವರಿಯಲ್ಲಿ ಬಸ್ ಇಲ್ಲದ ದಿನ ಸ್ವಂತ ಕಾರಲ್ಲಿ ಕೊನೇವರೆಗೂ, ಟೆಂಪಲ್ ಆಫ್ ಸಿನವಾವ ಅನ್ನೋ ಕೊನೇ ನಿಲ್ದಾಣದವರೆಗೆ ಹೋಗಬಹುದು. ವಯಸ್ಸಾದವರನ್ನ ಕರ್ಕೊಂಡು ಹೋಗೋಕೆ ಇದಕ್ಕಿಂತ ಒಳ್ಳೇ ಕಾಲ ಇಲ್ಲ. ತೊಂದರೆ ಏನಪ್ಪಾ ಅಂದರೆ, ಪಾರ್ಕಿಂಗ್ ಜಾಗ ಚಿಕ್ಕದು. ತುಂಬಿದರೆ ಆ ರಸ್ತೆಯನ್ನೇ ಸ್ವಲ್ಪ ಹೊತ್ತು ಮುಚ್ಚಿಬಿಡ್ತಾರೆ. ಹೊರಡೋ ಹಿಂದಿನ ದಿನ ಪಾರ್ಕಿನ ವೆಬ್‌ಸೈಟಲ್ಲಿ ಶಟಲ್ ವೇಳಾಪಟ್ಟಿ ಒಂದ್ಸಲ ನೋಡ್ಕೋ.

ಈಗ ಮುಖ್ಯವಾದ್ದು. ಚಳಿಗಾಲದ ಝಾಯನ್‌ನಲ್ಲಿ ದಿನ ಹೊಂದಿಸೋದು ದೂರ ನೋಡಿಕೊಂಡು ಅಲ್ಲ, ಬಿಸಿಲು ಎಲ್ಲಿದೆ ಅಂತ ನೋಡಿಕೊಂಡು. ಸೂರ್ಯ ಹುಟ್ಟೋದೇ ಏಳೂವರೆ ದಾಟಿ. ಎರಡೂ ಕಡೆ 2,000 ಅಡಿ ಗೋಡೆ, ಮಧ್ಯಾಹ್ನದಲ್ಲೂ ಸೂರ್ಯ ಕೆಳಗೇ ಇರ್ತಾನೆ, ಹಾಗಾಗಿ ಕಣಿವೆ ತಳಕ್ಕೆ ಬಿಸಿಲು ಕೆಲವೇ ಗಂಟೆ. ಹಗಲು 11–12 ಡಿಗ್ರಿ ಸೆಲ್ಸಿಯಸ್, ರಾತ್ರಿ ಸೊನ್ನೆಗಿಂತ ಕೆಳಗೆ. ಹಗಲು ಕರಗಿದ ನೀರು ರಾತ್ರಿ ಕಲ್ಲಿನ ಮೇಲೆ ಗಾಜಿನ ಹಾಗೆ ಹೆಪ್ಪುಗಟ್ಟುತ್ತೆ, ಕಣ್ಣಿಗೆ ಬರೀ ಒದ್ದೆ ನೆಲದ ಹಾಗೆ ಕಾಣುತ್ತೆ. ಬೀಳೋದೇ ಅಲ್ಲಿ.

ಅದಕ್ಕೇ ಶನಿವಾರ ಹೀಗೆ ಮಾಡಿ. ಎಂಟೂವರೆಗೆ ಗೇಟು ದಾಟಿ ಸೀದಾ ಕೊನೇ ಪಾರ್ಕಿಂಗಿಗೆ ಹೋಗಿ ಕಾರು ನಿಲ್ಲಿಸಿಬಿಡಿ. ಇಳಿಯಬೇಡಿ. ಫ್ಲಾಸ್ಕಲ್ಲಿ ಕಾಫಿ, ಚಪಾತಿ ಚಟ್ನಿಪುಡಿ, ತಿಂಡಿ ಕಾರಲ್ಲೇ. ಹತ್ತು ಗಂಟೆ ಮೇಲೆ ರಿವರ್‌ಸೈಡ್ ವಾಕ್ ಶುರು ಮಾಡಿ. ಹೋಗಿಬರೋಕೆ 2.2 ಮೈಲಿ, ಕಾಂಕ್ರೀಟ್ ಹಾದಿ, ಹೆಚ್ಚುಕಮ್ಮಿ ಸಮತಟ್ಟು. ಗೋಡೆಯಿಂದ ನೀರು ಜಿನುಗೋ ಕಡೆಯೆಲ್ಲಾ ಮಂಜುಗಡ್ಡೆ ಇರುತ್ತೆ, ಅಂಥದ್ದು ಸಿಕ್ಕಿದರೆ ಅತ್ತೆ ಮಾವ ಅಲ್ಲಿಂದಲೇ ತಿರುಗಲಿ, ನೋಟ ಮೊದಲ ಅರ್ಧ ಮೈಲಿಯಲ್ಲೇ ಚೆನ್ನಾಗಿದೆ. ಹಾದಿ ಮುಗಿಯೋ ಕಡೆ ನ್ಯಾರೋಸ್ ಶುರು, ನದಿಯೊಳಗೇ ನಡೆದು ಹೋಗೋ ಕಿರಿದಾದ ಕಣಿವೆ. ಅಲ್ಲಿ ನೀರು ತಾಗದ ಡ್ರೈಸೂಟ್ ಹಾಕ್ಕೊಂಡು ನೀರಿಗಿಳಿಯೋರನ್ನ ನೋಡಿ ಮಕ್ಕಳು ಶೂ ಬಿಚ್ಚೋಕೆ ಹೋಗ್ತಾರೆ, ಬಿಡಬೇಡ. ಆ ನೀರು ಫ್ರಿಜ್ಜಿನ ನೀರಿದ್ದ ಹಾಗೆ. ಜೊತೆಗೆ ಅಲ್ಲಿ ಹರಿಯೋ ವರ್ಜಿನ್ ನದಿಯಲ್ಲಿ ಸಯನೋಬ್ಯಾಕ್ಟೀರಿಯಾ ಅನ್ನೋ ವಿಷಕಾರಿ ಸೂಕ್ಷ್ಮಜೀವಿ ಇದೆ, ಬಾಯಿಗೆ ಹೋಗಬಾರದು. ಸೋಸಿದರೂ ಕುದಿಸಿದರೂ ಆ ವಿಷ ಹೋಯ್ತು ಅಂತ ನಂಬೋಕಾಗಲ್ಲ. ಕುಡಿಯೋ ನೀರು ನಲ್ಲಿಯಿಂದಲೇ, ತಲೆಗೆ ಎರಡು ಲೀಟರ್.

ಊಟ ಆದಮೇಲೆ ಪಾರಸ್ ಟ್ರೇಲ್. ಕಣಿವೆ ಅಗಲ ಆಗೋ ಜಾಗ, ಬಿಸಿಲು ಹೆಚ್ಚು ಹೊತ್ತು ನಿಲ್ಲುತ್ತೆ, ಟಾರಿನ ಹಾದಿ, ಗಾಲಿಕುರ್ಚಿಯೂ ಹೋಗುತ್ತೆ. ಮಾವನ ವಾಕಿಂಗು ಅಲ್ಲೇ ಆಗಲಿ. ಲೋಯರ್ ಎಮರಾಲ್ಡ್ ಪೂಲ್ಸ್ ಅನ್ನೋ ಕೊಳಗಳನ್ನ ನೋಡೋಕೆ ಮಕ್ಕಳಿಗೆ ಆಸೆ ಆಗುತ್ತೆ, ಬಂಡೆಯ ಸೂರಿನಿಂದ ಮಂಜಿನ ಈಟಿಗಳು ನೇತಾಡ್ತಿರ್ತವೆ. ಬಿಸಿಲು ತಾಗಿದಾಗ ಅವೇ ಕಳಚಿ ಬೀಳೋದು. ದೂರದಿಂದ ನೋಡಿ, ಕೆಳಗೆ ನಿಂತು ಫೋಟೋ ಬೇಡ.

ಭಾವಂಗೆ ಏಂಜಲ್ಸ್ ಲ್ಯಾಂಡಿಂಗ್ ಅನ್ನೋ ಕಡಿದಾದ ಬಂಡೆ ಶಿಖರ ಹತ್ತೋ ಹುಚ್ಚು ಅಂತ ಗೊತ್ತು. ಸರಪಳಿ ಹಿಡಿದು ಹೋಗೋ ಭಾಗಕ್ಕೆ 2022ರ ಏಪ್ರಿಲ್‌ನಿಂದ ವರ್ಷವಿಡೀ ಪರ್ಮಿಟ್ ಬೇಕು. ಚಳಿಗಾಲದಲ್ಲಿ ಬೇಡ ಅಂತಲೇ ನಾನು ಹೇಳೋದು, ನೆರಳಲ್ಲಿರೋ ಕಲ್ಲು, ಮೇಲೆ ಐಸು, ಪಕ್ಕದಲ್ಲಿ ಪ್ರಪಾತ. ಸರಪಳಿಗೂ ಮುಂಚೆ ಸಿಗೋ ಸ್ಕೌಟ್ ಲುಕೌಟ್‌ವರೆಗೆ ಪರ್ಮಿಟ್ ಬೇಡ. ಗ್ರೋಟೋ ಅನ್ನೋ ಜಾಗದಿಂದ ಹೊರಟು, ವಾಲ್ಟರ್ಸ್ ವಿಗಲ್ಸ್ ಅನ್ನೋ 21 ತಿರುವು ಹತ್ತಿ, ಸಾವಿರ ಅಡಿ ಏರು. ಹೋಗಿಬರೋಕೆ ಮೂರು ಗಂಟೆ ಇಟ್ಟುಕೊಳ್ಳಲಿ. ಮಧ್ಯೆ ರೆಫ್ರಿಜರೇಟರ್ ಕ್ಯಾನಿಯನ್ ಅಂತ ಒಂದು ಭಾಗ ಬರುತ್ತೆ, ಹೆಸರೇ ಹೇಳುತ್ತಲ್ಲ. ಐಸಲ್ಲಿ ಜಾರದ ಹಾಗೆ ಶೂ ಮೇಲೆ ಹಾಕೋ ಮೈಕ್ರೋಸ್ಪೈಕ್ಸ್ ಬೇಕೇಬೇಕು, ಸ್ಪ್ರಿಂಗ್‌ಡೇಲ್‌ನಲ್ಲಿ ಬಾಡಿಗೆಗೆ ಸಿಗುತ್ತೆ. ತಂತಿ ಸುರುಳಿಯದ್ದು ಇಳಿಜಾರಲ್ಲಿ ಜಾರುತ್ತೆ, ಉಕ್ಕಿನ ಮೊಳೆ ಇರೋದೇ ತಗೊಳ್ಳಿ. ಬರೀ ಬಂಡೆ ಬಂದಾಗ ಬಿಚ್ಚಬೇಕು, ಕಲ್ಲಿನ ಮೇಲೆ ಅದೇ ಜಾರಿಸುತ್ತೆ.

ಬಟ್ಟೆ. ಅತ್ತೆ ಸೀರೆನೇ ಅಂತ ಹಠ ಹಿಡಿದರೆ ಒಳಗೆ ಥರ್ಮಲ್, ಉಣ್ಣೆ ಕಾಲುಚೀಲ, ಶೂ, ಸೀರೆ ಅಂಚು ಎತ್ತಿ ಪಿನ್ನು. ಒದ್ದೆಯಾದ ಹತ್ತಿ ಬಟ್ಟೆ ಮೈ ಶಾಖವನ್ನೆಲ್ಲಾ ಎಳೆದುಬಿಡುತ್ತೆ, ಜೀನ್ಸ್ ಹಾಕೋ ಮಕ್ಕಳಿಗೂ ಇದೇ ಮಾತು. ಮಾವನ ಮಂಕಿ ಟೋಪಿ ನೋಡಿ ಯಾರೂ ನಗಬೇಡಿ, ಅಲ್ಲಿಗೆ ಅದೇ ಸರಿ. ತುಟಿಗೆ, ಹಿಮ್ಮಡಿಗೆ ಕೊಬ್ಬರಿ ಎಣ್ಣೆ, ಒಣ ಗಾಳಿ.

ಭಾನುವಾರ ಬೆಳಿಗ್ಗೆ ಪೂರ್ವದ ಕಡೆ. 1930ರಲ್ಲಿ ಮುಗಿದ 1.1 ಮೈಲಿ ಸುರಂಗ ದಾಟಿ ಚೆಕರ್‌ಬೋರ್ಡ್ ಮೆಸಾ ಅನ್ನೋ ಬಂಡೆ ಬೆಟ್ಟದವರೆಗೆ ಕಾರಲ್ಲೇ ಹೋಗಿಬನ್ನಿ. ಆ ಬಂಡೆಗಳ ಮೇಲೆ ಬಿಗ್‌ಹಾರ್ನ್ ಕುರಿಗಳು ಕಾಣಬಹುದು. ಸುರಂಗದಾಚೆ ಎತ್ತರ ಜಾಸ್ತಿ, ನೆರಳಿನ ತಿರುವುಗಳಲ್ಲಿ ರಸ್ತೆ ಮೇಲೆ ಐಸ್ ಇದ್ದರೆ ಬ್ರೇಕ್ ಒತ್ತಬೇಡ, ಮೊದಲೇ ನಿಧಾನ ಮಾಡು. ಕಣಿವೆಯಲ್ಲಿ ಫೋನ್ ಸಿಗ್ನಲ್ ಅಷ್ಟಕ್ಕಷ್ಟೇ, ನಕ್ಷೆ ಮೊದಲೇ ಇಳಿಸಿಕೊಂಡಿರಿ. ಯೂಟಾ ಗಡಿಯಾರದ ಹನ್ನೆರಡಕ್ಕೆ ಹೊರಟರೆ ವೇಗಸ್ ಗಡಿಯಾರದ ಎರಡಕ್ಕೆ ಅಲ್ಲಿರ್ತೀರಿ, ಏಳರ ಫ್ಲೈಟಿಗೆ ಆರಾಮ.

ಹಾಂ, ಭಾವ ಇಷ್ಟು ಕೇಳಿಯೂ ಏಂಜಲ್ಸ್ ಲ್ಯಾಂಡಿಂಗ್ ಪರ್ಮಿಟ್ ಬೇಕೇಬೇಕು ಅಂದರೆ, ಅದು ಲಾಟರಿಯಲ್ಲಿ ಸಿಗೋದು, ಶನಿವಾರದ ಲಾಟರಿಗೆ ಶುಕ್ರವಾರ ಯೂಟಾ ಸಮಯ ಮಧ್ಯಾಹ್ನ ಮೂರರೊಳಗೆ ಅರ್ಜಿ ಹಾಕಬೇಕು, ನಿಮ್ಮ ಕ್ಯಾಲಿಫೋರ್ನಿಯಾ ಸಮಯ ಎರಡು. ಅರ್ಜಿಗೆ 6 ಡಾಲರ್, ಸಿಕ್ಕಿದರೆ ತಲೆಗೆ ಇನ್ನೂ 3. ಉತ್ತರ ಯೂಟಾ ಸಮಯ ನಾಲ್ಕಕ್ಕೆ ಬರುತ್ತೆ, ಅಷ್ಟೊತ್ತಿಗೆ ನೀವು ಏರ್‌ಪೋರ್ಟಲ್ಲಿರ್ತೀರಿ, ಫೋನ್ ಚಾರ್ಜ್ ಇರಲಿ.