ಚಿಕ್ಕಪ್ಪನ ಕಾರಿನ ಕ್ಯಾಸೆಟ್ ಡೆಕ್ ತೆಗೆಯಬೇಕಾ? ನಮ್ಮ ಮನೆ ಗುಂಪಿನ ಚರ್ಚೆ

ಅಣ್ಣ: ಗುಂಪಿಗೆ ಹಾಕಿರುವ ಈ ದೊಡ್ಡ ಟಚ್‌ಸ್ಕ್ರೀನ್ ಫೋಟೋ ನೋಡಿ. ಚಿಕ್ಕಪ್ಪನ ಮಾರುತಿ 800ಗೆ ಈ ಟಚ್‌ಸ್ಕ್ರೀನ್ ಹಾಕಿಸೋಣ ಅಂತಿದ್ದೇನೆ. ಬ್ಲೂಟೂತ್ ಇದೆ, ರಿವರ್ಸ್ ಕ್ಯಾಮೆರಾ ಇದೆ. ಆ ಹಳೇ ಕ್ಯಾಸೆಟ್ ಡೆಕ್ ಗುಜರಿಗೆ ಕೊಟ್ಟುಬಿಡೋಣ.

ಚಿಕ್ಕಪ್ಪ: ಡೆಕ್ ಮುಟ್ಟಬೇಡಪ್ಪ. ಅದರಲ್ಲಿ ಅಶ್ವತ್ಥ್ ಭಾವಗೀತೆ ಹಾಕಿದರೆ ಪಕ್ಕದಲ್ಲೇ ಕೂತು ಹಾಡಿದ ಹಾಗಿರುತ್ತದೆ. ನಿಮ್ಮ ಫೋನಿನ ಹಾಡು ಕಿವಿಗೆ ಚುಚ್ಚುತ್ತದೆ.

ಅಣ್ಣ: ಚಿಕ್ಕಪ್ಪ, ಅದು ಹಳೇ ನೆನಪು ಅಷ್ಟೆ. ಸುಯ್ ಅನ್ನುವ ಸದ್ದಿನ ಮಧ್ಯೆ ಹಾಡು ಹುಡುಕಬೇಕು ಅದರಲ್ಲಿ.

ನಾನು: ಅಣ್ಣ, ಸದ್ದಿನ ವಿಷಯದಲ್ಲಿ ನಿನ್ನ ಮಾತು ಸರಿ. ಫಿಲಿಪ್ಸ್‌ನವರು ಕ್ಯಾಸೆಟ್ ತಂದಿದ್ದು 1963ರಲ್ಲಿ. ಅದರ ಟೇಪಿನ ಅಗಲ 4 ಮಿಲಿಮೀಟರ್ ಕೂಡ ಇಲ್ಲ. ಅಷ್ಟರಲ್ಲೇ ಎರಡೂ ಬದಿಯ ಎಡ ಬಲ ಸೇರಿ ನಾಲ್ಕು ಪಟ್ಟಿ ಇರುತ್ತವೆ. ಓಡುವ ವೇಗ ಸೆಕೆಂಡಿಗೆ 4.76 ಸೆಂಟಿಮೀಟರ್. ಪಟ್ಟಿ ಸಣ್ಣ, ಓಟ ನಿಧಾನ, ಅದಕ್ಕೇ ಆ ಸುಯ್ ಸದ್ದು. 1982ರಲ್ಲಿ ಬಂದ ಸಿ.ಡಿ.ಗೆ ಈ ತೊಂದರೆ ಇಲ್ಲ.

ಆದರೆ ಚಿಕ್ಕಪ್ಪನಿಗೆ ಕೇಳಿಸುವುದು ಬರೀ ನೆನಪು ಅನ್ನಬೇಡ. ಟೇಪಿಗೆ ಜೋರಾಗಿ ರೆಕಾರ್ಡ್ ಮಾಡಿದರೆ ಏರುದನಿಯ ತುದಿ ಸ್ವಲ್ಪ ಮೊಂಡಾಗುತ್ತದೆ. ತೀರಾ ಕೀಚಲು ಸದ್ದೂ ಕಡಿಮೆಯಾಗುತ್ತದೆ. ಅದಕ್ಕೇ ದನಿ ದುಂಡಗೆ ಕೇಳಿಸುತ್ತದೆ. ಅದು ಟೇಪಿನ ಕೊರತೆಯೇ ಹೌದು. ಆದರೂ ಅಶ್ವತ್ಥ್ ಅವರಂಥ ಗಟ್ಟಿ ಕಂಠಕ್ಕೆ ಚೆನ್ನಾಗಿ ಒಪ್ಪುತ್ತದೆ.

ತಂಗಿ: ಹಾಗಾದರೆ ಸಿ.ಡಿ. ಪ್ಲೇಯರ್ ಹಾಕಿಸಿ, ಜಗಳವೇ ಇರಲ್ಲ.

ಚಿಕ್ಕಪ್ಪ: ರಸ್ತೆ ಗುಂಡಿಗೆ ಇಳಿದರೆ ಸಿ.ಡಿ. ಹಾಡು ಎಗರುತ್ತದಮ್ಮ. ಕ್ಯಾಸೆಟ್ ಎಗರುವುದಿಲ್ಲ.

ಅಣ್ಣ: ಬ್ಲೂಟೂತ್ ಎಗರಲ್ಲ. ಸಿ.ಡಿ.ಗಿಂತ ಹೊಸದು ಬೇರೆ.

ನಾನು: ಹೊಸದೇ, ಆದರೆ ಸಿ.ಡಿ.ಯಷ್ಟು ಪೂರ್ತಿ ಅಲ್ಲ. ಸಿ.ಡಿ.ಯಿಂದ ಸೆಕೆಂಡಿಗೆ 1,411 ಕಿಲೋಬಿಟ್ ಬರುತ್ತದೆ. ಬ್ಲೂಟೂತ್ ಹಾಡನ್ನು ಕುಗ್ಗಿಸಿ ಕಳಿಸುವ ಮಾಮೂಲಿ ವಿಧಾನ ಎಸ್‌ಬಿಸಿ, ಅದರಲ್ಲಿ ಸಾಮಾನ್ಯವಾಗಿ 328ರ ಆಸುಪಾಸು. ಮನೆಯಲ್ಲಿ ಒಳ್ಳೇ ಹೆಡ್‌ಫೋನ್ ಹಾಕಿಕೊಂಡರೆ ಈ ಲೆಕ್ಕಕ್ಕೆ ಬೆಲೆ ಇದೆ. ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಹೆದ್ದಾರಿ 48ರಲ್ಲಿ ಹೋಗುವಾಗ ಗಾಳಿ, ಟೈರು, ಪಕ್ಕದ ಲಾರಿ ಎಲ್ಲ ಸೇರಿ ಆ ವ್ಯತ್ಯಾಸವನ್ನು ನುಂಗಿಬಿಡುತ್ತವೆ. ಚಿಕ್ಕಪ್ಪನ 800ರಲ್ಲಿ ಹಿಂದಿನ ಸ್ಪೀಕರಿನ ಕಾಗದ ಹರಿದಿದೆ, ಮುಂದಿನ ಬಾಗಿಲು ಗಡಗಡ ಅನ್ನುತ್ತದೆ. ಅದನ್ನು ಹಾಗೇ ಬಿಟ್ಟು ಎಷ್ಟು ದುಬಾರಿ ಸ್ಕ್ರೀನ್ ಹಾಕಿದರೂ ಹಾಡು ಹರಿದ ಕಾಗದದಿಂದಲೇ ಬರಬೇಕು, ಅಲ್ವಾ? ಮೊದಲು ಸ್ಪೀಕರ್ ಬದಲಿಸೋಣ.

ಇನ್ನೊಂದು ವಿಷಯ. ಹಳೇ ಡೆಕ್ಕಿನ ಕಿಂಡಿ 180 ಮಿಲಿಮೀಟರ್ ಅಗಲ, 50 ಎತ್ತರ. ನೀನು ಹಾಕಿರುವ ಫೋಟೋದ ಸ್ಕ್ರೀನ್ ಅಲ್ಲಿ ಕೂರುವುದಿಲ್ಲ. ಡ್ಯಾಶ್‌ಬೋರ್ಡ್ ಕತ್ತರಿಸಬೇಕು. ಕತ್ತರಿಸಿದ ಮೇಲೆ ಮತ್ತೆ ಮೊದಲಿನ ಹಾಗೆ ಮಾಡಲು ಆಗಲ್ಲ.

ಚಿತ್ರದುರ್ಗದ ಅತ್ತೆ: ಏನ್ರಪ್ಪಾ ಬೆಳಗ್ಗೆಯಿಂದ ಬರೀ ಡೆಕ್ಕು ಡೆಕ್ಕು. ನನ್ನ ಮದುವೆಯಲ್ಲಿ ಅವ್ವ ಹಾಡಿದ ಸೋಬಾನೆ ಪದದ ಕ್ಯಾಸೆಟ್ ಆ ಕಾರಲ್ಲೇ ಇರಬೇಕು ನೋಡಿ. ಅದು ಬೇರೆಲ್ಲೂ ಇಲ್ಲ.

ನಾನು: ಅತ್ತೆ, ನಿಜವಾಗಲೂ? ಚಿಕ್ಕಪ್ಪ, ದಯವಿಟ್ಟು ಈಗಲೇ ಅದನ್ನು ಕಾರಿಂದ ತೆಗೆದು ಮನೆಯೊಳಗೆ ಇಡಿ. ನಮ್ಮ ಬಿಸಿಲಿಗೆ ಬಾಗಿಲು ಮುಚ್ಚಿದ ಕಾರಲ್ಲಿ ಕ್ಯಾಸೆಟ್ಟಿನ ಡಬ್ಬಿ ಸೊಟ್ಟಗಾಗುತ್ತದೆ, ಟೇಪೂ ಹಾಳಾಗುತ್ತದೆ. ಕಾರಿನ ಡೆಕ್ಕಿಗೆ ಹಾಕಿ ನೋಡುವುದೂ ಬೇಡ. ಅದರ ರಬ್ಬರ್ ರೋಲರ್ ಗಟ್ಟಿಯಾಗಿದ್ದರೆ ಟೇಪ್ ಸಿಕ್ಕಿಕೊಳ್ಳುತ್ತದೆ. ಕ್ಯಾಸೆಟ್ಟಿನ ಮೇಲಂಚಿನಲ್ಲಿ ಎರಡು ಪುಟ್ಟ ಪ್ಲಾಸ್ಟಿಕ್ ಚೂರು ಇರುತ್ತವೆ. ಅವನ್ನು ಮುರಿದುಬಿಡಿ. ಆಮೇಲೆ ಗೊತ್ತಿಲ್ಲದೆ ರೆಕಾರ್ಡ್ ಗುಂಡಿ ಒತ್ತಿದರೂ ಅಜ್ಜಿಯ ದನಿ ಅಳಿಸಿಹೋಗಲ್ಲ.

ಆ ಒಂದು ಕ್ಯಾಸೆಟ್ಟಿಗಾದರೂ ಒಳ್ಳೇ ಡೆಕ್ ಬೇಕು. ಮನೆ ಡೆಕ್ ಸಿಕ್ಕರೆ ಟೇಪ್ ಓದುವ ಹೆಡ್ಡನ್ನು ಸ್ಪಿರಿಟ್‌ನಲ್ಲಿ ಒರೆಸಿ, ಅದರ ಓರೆ ಸರಿಮಾಡಿ, ಕಂಪ್ಯೂಟರಿಗೆ ಇಳಿಸಿಕೊಳ್ಳೋಣ. ಓರೆ ತಪ್ಪಿದ್ದರೆ ಹಾಡು ಕಂಬಳಿ ಹೊದ್ದ ಹಾಗೆ ಕೇಳಿಸುತ್ತದೆ. ಟೇಪಿನ ದೋಷ ಅಂದುಕೊಂಡು ಜನ ಸುಮ್ನೆ ಎಸೆದುಬಿಡುತ್ತಾರೆ. ಇಳಿಸಿದ್ದನ್ನು ಎಂಪಿ3 ಮಾಡಿ ಕುಗ್ಗಿಸಬೇಡಿ. ಕುಗ್ಗಿಸದ ವೇವ್ ಫೈಲ್ ಹಾಗೇ ಇರಲಿ, ಎಲ್ಲರ ಮನೆಯಲ್ಲೂ ಒಂದೊಂದು ಪ್ರತಿ.

ಅತ್ತೆ: ನನಗೆ ಮೊದಲು ಕಳಿಸಬೇಕು. ಅವ್ವ ಹೋದ ಮೇಲೆ ಆ ದನಿ ಕೇಳಿಯೇ ಇಲ್ಲ.

ಅಣ್ಣ: ಅಜ್ಜಿ ಕ್ಯಾಸೆಟ್ ಉಳಿಸೋಣ, ನನ್ನ ತಕರಾರೇ ಇಲ್ಲ. ಆದರೆ ಕ್ಯಾಮೆರಾ ಬೇಕೇಬೇಕು. ಚಿಕ್ಕಪ್ಪನಿಗೆ ಕುತ್ತಿಗೆ ತಿರುಗಿಸುವುದು ಕಷ್ಟ ಆಗಿದೆ.

ನಾನು: ಅದು ಸರಿಯಾದ ಮಾತು. ಕನ್ನಡಿಯ ಮೇಲೇ ಕೂರುವ ಕ್ಯಾಮೆರಾ ಸ್ಕ್ರೀನ್ ಸಿಗುತ್ತದೆ, ಅದನ್ನೇ ಹಾಕಿಸೋಣ. ಫೋನಿನ ಹಾಡು ಬೇಕಿದ್ದರೆ ಕ್ಯಾಸೆಟ್ ಆಕಾರದ ಅಡಾಪ್ಟರ್ ಇದೆ. ಡೆಕ್ಕಿಗೆ ತುರುಕಿ ಅದರ ವೈರನ್ನು ಫೋನಿಗೆ ಸಿಕ್ಕಿಸಿದರೆ ಆಯ್ತು.

ಚಿಕ್ಕಪ್ಪ: ಕ್ಯಾಸೆಟ್ ಸಿಕ್ಕಿತು. ಸೀಟಿನ ಕೆಳಗಿತ್ತು. ಒಳಗೆ ತಂದಿಟ್ಟಿದ್ದೇನೆ. ಸ್ಪೀಕರ್ ದುಡ್ಡು ನಾನು ಕೊಡುತ್ತೇನೆ. ಡೆಕ್ ರಿಪೇರಿ ಮಾಡುವವರು ಈಗ ಯಾರಿದ್ದಾರೆ?

ಅಣ್ಣ: ಮಂಡಿಪೇಟೆ ಕಡೆ ವಿಚಾರಿಸುತ್ತೇನೆ. ಯಾರೂ ಸಿಗದಿದ್ದರೆ ಟಚ್‌ಸ್ಕ್ರೀನೇ, ಈಗಲೇ ಹೇಳಿರುತ್ತೇನೆ.

ಚಿಕ್ಕಪ್ಪ: ನಾನೂ ಬರುತ್ತೇನೆ. ನೀನೊಬ್ಬನೇ ಹೋದರೆ ಸಿಗಲಿಲ್ಲ ಅಂತ ಬೇಗ ಬಂದುಬಿಡುತ್ತೀಯ.